ಮೂರನೇ ಮಹಡಿಗೆ ನೋಟಿಸ್: ನೇರವಾಗಿ ಹೈಕೋರ್ಟಿಗೆ ಹೋಗಬಹುದೇ?

ಪ್ರಶ್ನೆ: ಸರ್, ವಿಜಯನಗರದಲ್ಲಿ 30×40 ಸೈಟು. ನಕ್ಷೆ ಮಂಜೂರಾಗಿರುವುದು ನೆಲಮಹಡಿ ಮತ್ತು ಎರಡು ಮಹಡಿಗೆ. ಮೇಲೆ ಇನ್ನೊಂದು ಎದ್ದಿದೆ, ಪಕ್ಕದ ಸೆಟ್‌ಬ್ಯಾಕೂ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಸ್ವಲ್ಪ ಹೋಗಿದೆ. ಬಿಬಿಎಂಪಿ ಕಾಯ್ದೆ 2020ರ 248(1), 248(2) ಅಂತ ಗೇಟಿಗೆ ಕಾಗದ ಅಂಟಿಸಿದ್ದಾರೆ, ಏಳು ದಿನ ಗಡುವು. ಸ್ಟೇ ಸಿಗುತ್ತದೆಯೇ?

ಉತ್ತರ (ವಕೀಲರು): ಸ್ಟೇ ಮಾತು ಆಮೇಲೆ. 248(1) ತಾತ್ಕಾಲಿಕ ಆದೇಶ, 248(2) ಕಾರಣ ಕೇಳಿ ನೋಟಿಸ್. ಕೆಡವುವ ಅಧಿಕಾರ ಬರುವುದು 248(3)ರ ದೃಢೀಕರಣ ಆದೇಶದಿಂದ. ಹಳೆಯ ಕೆಎಂಸಿ (ಕರ್ನಾಟಕ ಪೌರ ನಿಗಮಗಳ) ಕಾಯ್ದೆಯಲ್ಲಿ ಇದೇ ಕಲಂ 321 ಆಗಿತ್ತು. ಈಗಲೇ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರೆ ‘ಮೊದಲು ಉತ್ತರ ಕೊಡಿ’ ಎಂದು ಕಳಿಸುವುದೇ ಹೆಚ್ಚು.

ಗಡುವು ಏಳು ದಿನ ಅಂತಿದ್ದರೂ, 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನೋಟಿಸ್ ಕೈಸೇರಿದ ದಿನದಿಂದ ಕನಿಷ್ಠ 15 ದಿನ ಕೊಡಬೇಕು. ಗೇಟಿಗೆ ಅಂಟಿಸುವುದರ ಜೊತೆಗೆ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಬೇಕು. ಯಾವ ಉಲ್ಲಂಘನೆ, ಯಾವ ದಾಖಲೆ ತರಬೇಕು, ವಿಚಾರಣೆ ಯಾವತ್ತು, ಯಾರ ಮುಂದೆ ಎಂಬುದೂ ಅದರಲ್ಲಿರಬೇಕು. ಕಾಗದದ ಮೇಲಿನ ದಿನಾಂಕವನ್ನೂ ನೋಡಿ: 2025ರ ಮೇ 15ರಿಂದ ಬಿಬಿಎಂಪಿ ಕಾಯ್ದೆಯ ಬದಲಿಗೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಲ್ಲಿದೆ. ಅದರ ನಂತರದ್ದಾದರೆ ಆಕ್ಷೇಪ ಬರೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಕಲಂ ತಪ್ಪು ನಮೂದಾದ ಮಾತ್ರಕ್ಕೆ ಅಧಿಕಾರ ಹೋಗಿಬಿಡುವುದಿಲ್ಲ.

ಉತ್ತರದಲ್ಲಿ ಎಲ್ಲರೂ ಎಡವುವುದು ‘ಯಾವ ಉಲ್ಲಂಘನೆಯೂ ಇಲ್ಲ’ ಎಂದು ಸಾರಾಸಗಟು ಬರೆಯುವುದರಲ್ಲಿ. ಪಾಲಿಕೆಯ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಟೇಪು ಹಿಡಿದರೆ ಆ ಮಾತು ಅಲ್ಲಿಗೇ ಮುಗಿಯಿತು. ಇಂಜಿನಿಯರ್ ಕೈಲಿ ಮಹಡಿವಾರು ಅಳತೆ ಮಾಡಿಸಿ, ಮಂಜೂರಾದ ನಕ್ಷೆಯ ದೃಢೀಕೃತ ನಕಲಿನ ಪಕ್ಕ ಇಡಿ. ಸೆಟ್‌ಬ್ಯಾಕ್ ವ್ಯತ್ಯಾಸ ಕಟ್ಟಡ ಬೈಲಾ (ಉಪನಿಯಮ) ಒಪ್ಪುವ ಮಿತಿಯೊಳಗಿದ್ದರೆ (2003ರ ಬೈಲಾದಲ್ಲಿ ಅದು ಶೇ. 5) ಆ ಭಾಗದ ಸಕ್ರಮಕ್ಕೆ ಬೇರೆ ಅರ್ಜಿ ಕೊಡಿ. ಅಂತಿಮ ಆದೇಶದಲ್ಲಿ ಯಾವ ಭಾಗ ಸಕ್ರಮಕ್ಕೆ ಅರ್ಹ, ಕೆಡವುವುದೊಂದೇ ದಾರಿ ಏಕೆ ಎಂದು ಅಧಿಕಾರಿಗಳು ಬರೆಯಲೇಬೇಕು. ನೀವು ಸಕ್ರಮ ಕೇಳಿಯೇ ಇರದಿದ್ದರೆ ಮೇಲ್ಮನವಿಯಲ್ಲಿ ಹಿಡಿಯಲು ಏನೂ ಉಳಿಯದು. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಮೂರನೇ ಮಹಡಿ ಉಳಿಯುವುದು ಕಷ್ಟ, ನೇರವಾಗಿಯೇ ಹೇಳುತ್ತೇನೆ. ಕಂದಾಯ ಕಟ್ಟಿದ ರಸೀದಿ ನಕ್ಷೆಯಾಗುವುದಿಲ್ಲ. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ‘ಅಕ್ರಮ-ಸಕ್ರಮ’ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ.

ಪ್ರಶ್ನೆ: ದೃಢೀಕರಣ ಆದೇಶ ಬಂದುಬಿಟ್ಟರೆ?

ಉತ್ತರ: ಆದೇಶ ಯಾವ ಕಾಯ್ದೆಯಡಿ ಇದೆಯೋ ಆ ಕಾಯ್ದೆ ಹೇಳುವ ಕಡೆಗೇ ಮೇಲ್ಮನವಿ. ಕೆಎಂಸಿ ಕಾಯ್ದೆಯಡಿ ಆಗಿದ್ದರೆ 443ಎ ಪ್ರಕಾರ ಕೆಎಟಿಗೆ (ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ), 30 ದಿನದೊಳಗೆ. ಆದರೆ ಆದೇಶ ತಲುಪಿದ ಮೇಲೆ ಅಧಿಕಾರಿಗಳು ಕೆಡವದೆ ಕಾಯಬೇಕಾದದ್ದು 15 ದಿನ ಮಾತ್ರ. ಮೂವತ್ತು ದಿನ ಇದೆಯಲ್ಲ ಎಂದು ಕೂತವರ ಮನೆಗೆ 16ನೇ ದಿನ ಜೆಸಿಬಿ ಬರಬಹುದು. ಮೇಲ್ಮನವಿ ದಾಖಲಾದ ಮಾತ್ರಕ್ಕೆ ತಡೆಯೂ ಇರದು, ತಡೆಯಾಜ್ಞೆಗೆ ಪ್ರತ್ಯೇಕ ಮಧ್ಯಂತರ ಅರ್ಜಿ ಬೇಕು. ದೂರು ಕೊಟ್ಟ ಪಕ್ಕದ ಮನೆಯವರು ಕೇವಿಯಟ್ (ತಮ್ಮನ್ನು ಕೇಳದೆ ತಡೆ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳಿ. ಅದು 90 ದಿನ ಜೀವಂತ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಮಹದೇವಪುರ ಕಡೆ, ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಒತ್ತುವರಿ ಅಂತಿದ್ದಾರೆ. ನಮಗೂ 15 ದಿನ ಸಿಗುತ್ತದೆಯೇ?

ಉತ್ತರ: ಅದನ್ನು ನೆಚ್ಚಬೇಡಿ. ರಸ್ತೆ, ಫುಟ್‌ಪಾತ್, ಜಲಮೂಲದ ಮೇಲಿನ ಕಟ್ಟಡಗಳನ್ನೂ, ನ್ಯಾಯಾಲಯವೇ ಕೆಡವಲು ಹೇಳಿರುವ ಪ್ರಕರಣಗಳನ್ನೂ ಸುಪ್ರೀಂ ಕೋರ್ಟಿನ ಆ ತೀರ್ಪು ಹೊರಗಿಟ್ಟಿದೆ. ಭೂಕಂದಾಯ ಕಾಯ್ದೆಯ ಕಲಂ 104ರಡಿ ತಹಶೀಲ್ದಾರರೇ ತೆರವುಗೊಳಿಸಬಹುದು. ಅಲ್ಲಿ ವಾದ ನಿಲ್ಲುವುದು ಅಳತೆಯ ಮೇಲೆ. ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ಇಲಾಖೆಯ ಮೂಲ ಅಳತೆ ದಾಖಲೆ), ಸರ್ವೆ ಸ್ಕೆಚ್ ಮೂರನ್ನೂ ತೆಗೆಸಿ, ನಿಮ್ಮ ಸಮ್ಮುಖದಲ್ಲಿ ಜಂಟಿ ಸರ್ವೆ ಆಗಿಲ್ಲದಿದ್ದರೆ ಅದಕ್ಕೆ ಇವತ್ತೇ ಲಿಖಿತ ಅರ್ಜಿ ಕೊಡಿ.