ಹೊರದೇಶಕ್ಕೆಂದು ಎತ್ತಿಟ್ಟ ನೆರವಿನ ದುಡ್ಡು ಬ್ರಿಟನ್ನಿನಲ್ಲೇ ಖರ್ಚಾಗುತ್ತಿದೆಯಾ?

ರಾತ್ರಿಪಾಳಿ (ಲೆಸ್ಟರ್):
ನಾನು ಇಲ್ಲಿ ನರ್ಸ್. ಪಾಳಿ ಮುಗಿಸಿ ಬಸ್ಸಿನಲ್ಲಿ ಬರುವಾಗ ದಾರಿಯಲ್ಲಿ ಒಂದು ಹೋಟೆಲ್ ಇದೆ. ಮೊದಲು ಮದುವೆಗೆ ಬಂದ ನೆಂಟರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಈಗ ಆಶ್ರಯ ಕೇಳಿ ಬಂದವರಿದ್ದಾರೆ. ಕಿಟಕಿಯಲ್ಲಿ ಮಕ್ಕಳ ಪುಟ್ಟ ಕಾಲುಚೀಲ ಒಣಗಿರುತ್ತವೆ. ಇವರ ವಸತಿ ಖರ್ಚು ಬಡ ದೇಶಗಳ ನೆರವಿನ ದುಡ್ಡಿನಿಂದಲೇ ಹೋಗುತ್ತದೆ ಅಂತ ಓದಿದೆ. ನನ್ನ ಜೊತೆ ಕೆಲಸ ಮಾಡುವವಳು ಆಫ್ರಿಕಾದ ಮಲಾವಿ ದೇಶದವಳು. ಅವಳ ಅಕ್ಕ ಅಲ್ಲಿ ಹೆರಿಗೆ ಮಾಡಿಸುತ್ತಾಳೆ. ಮಂಚಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಬಸುರಿಯರೇ ಮನೆಯಿಂದ ತರಬೇಕಂತೆ. ಕೇಳಿ ಹೊಟ್ಟೆ ಕಿವುಚಿದ ಹಾಗಾಯಿತು. ಹೀಗೆ ಖರ್ಚು ಮಾಡಲು ನಿಯಮ ಬಿಡುತ್ತದಾ?

ಲೆಕ್ಕದ ಪುಸ್ತಕ:
ಬಿಡುತ್ತದೆ ಅಕ್ಕ. ಒಇಸಿಡಿ ಅಂತ ಶ್ರೀಮಂತ ದೇಶಗಳ ಒಂದು ಕೂಟ ಇದೆ, ನೆರವಿನ ಲೆಕ್ಕದ ನಿಯಮ ಅದರದ್ದೇ. ಅದರ ಪ್ರಕಾರ, ನಿರಾಶ್ರಿತರು ಬಂದ ಮೊದಲ 12 ತಿಂಗಳ ಊಟ, ವಸತಿಯನ್ನು ವಿದೇಶಿ ನೆರವು ಅಂತಲೇ ತೋರಿಸಬಹುದು. 2023ರಲ್ಲಿ ಬ್ರಿಟನ್ ಹೀಗೆ ತೋರಿಸಿದ್ದು 4.3 ಬಿಲಿಯನ್ ಪೌಂಡ್. ಒಟ್ಟು ನೆರವಿನಲ್ಲಿ ನೂರಕ್ಕೆ ಸುಮಾರು 28 ಪಾಲು! ನೆರವಿನ ದುಡ್ಡಿನ ಗಂಟು ಇರುವುದೇ ಇಷ್ಟು. ಹೋಟೆಲ್ ಬಿಲ್ ಏರಿದರೆ ಮಲಾವಿಯಂಥ ಕಡೆಗೆ ಹೋಗುವುದು ಇಳಿಯುತ್ತದೆ, ಅಲ್ವಾ.

ಹಳೇ ಡೈರಿ:
ಗಂಟೂ ಕರಗುತ್ತಿದೆ. ದೇಶದ ವರಮಾನದಲ್ಲಿ ನೂರಕ್ಕೆ 0.7 ಪಾಲು ಕೊಡಬೇಕು ಅಂತ 2015ರಲ್ಲಿ ಕಾನೂನೇ ಆಯಿತು. 2021ರಲ್ಲಿ ಕೋವಿಡ್ ಹೊಡೆತ ಅಂತ 0.5ಕ್ಕೆ ಇಳಿಸಿದರು. 2025ರ ಫೆಬ್ರವರಿಯಲ್ಲಿ ಪ್ರಧಾನಿ ಸ್ಟಾರ್ಮರ್, ರಕ್ಷಣೆಗೆ ದುಡ್ಡು ಬೇಕು, 2027ಕ್ಕೆ 0.3 ಅಂದರು. ಅಭಿವೃದ್ಧಿ ಸಚಿವೆ ಆನೆಲೀಸ್ ಡಾಡ್ಸ್ ಅದಕ್ಕೇ ರಾಜೀನಾಮೆ ಕೊಟ್ಟರು.
ನಾನು ಒಂದು ಲಸಿಕೆ ಯೋಜನೆಯ ಲೆಕ್ಕಪತ್ರ ನೋಡುತ್ತಿದ್ದೆ. ವರ್ಷದ ನಡುವೆ ಕಡಿತದ ಇಮೇಲ್ ಬಂತು. ಫ್ರಿಜ್ ಇತ್ತು, ಲಸಿಕೆ ಇತ್ತು. ಹಳ್ಳಿಗೆ ಒಯ್ಯುವ ಬೈಕಿಗೆ ಪೆಟ್ರೋಲ್ ಹಾಕಿಸಲು ದುಡ್ಡಿರಲಿಲ್ಲ. ಎರಡು ವರ್ಷ ಮೊದಲೇ ಹೇಳಿದ್ದರೆ ಬೇರೆ ದಾರಿ ಹುಡುಕುತ್ತಿದ್ದೆವು. ಎಷ್ಟು ಕಡಿಮೆ ಮಾಡಿದರು ಅನ್ನುವುದಕ್ಕಿಂತ ದಿಢೀರ್ ಅಂತ ಮಾಡಿದ್ದು ಜಾಸ್ತಿ ಪೆಟ್ಟು ಕೊಟ್ಟಿತು. ಆದರೆ ದಯವಿಟ್ಟು ಹೋಟೆಲಿನಲ್ಲಿರುವವರ ಮೇಲೆ ಸಿಟ್ಟಾಗಬೇಡಿ.

ರಾತ್ರಿಪಾಳಿ (ಲೆಸ್ಟರ್):
ಖಂಡಿತ ಇಲ್ಲ. ಆ ಮಕ್ಕಳಿಗೆ ಬೆಚ್ಚಗಿನ ಕೋಣೆ ಬೇಕು. ಆ ಖರ್ಚು ಗೃಹ ಇಲಾಖೆಯ ಸ್ವಂತ ಬಜೆಟ್ಟಿನಿಂದ ಬರಲಿ ಅಂತ ನಮ್ಮ ಎಂಪಿಗೆ ಬರೆಯುತ್ತೇನೆ. ನಿಮ್ಮ ಪೆಟ್ರೋಲಿನ ವಿಷಯ ಸೇರಿಸಲಾ?

ಹಳೇ ಡೈರಿ:
ಸೇರಿಸಿ. ಊರಿನ ಹೆಸರು ಮಾತ್ರ ಬೇಡ.