ಟೂಸ್ಸಾಂ ರಜೆ (ಫ್ರಾನ್ಸ್‌ನ ಶಾಲೆಗಳ ಶರತ್ಕಾಲದ ರಜೆ), ಎಡೆಬಿಡದ ಮಳೆ, ಇಬ್ಬರು ಮೊಮ್ಮಕ್ಕಳು: ನೀವೆಲ್ಲ ಏನು ಮಾಡಿದಿರಿ?

ಕ್ರೂಜ್ ಅಜ್ಜಿ
ಯಜಮಾನರು ನಿವೃತ್ತರಾದ ಮೇಲೆ ಲಿಯೋನ್ ನಗರ ಬಿಟ್ಟು ಕ್ರೂಜ್ ಜಿಲ್ಲೆಯ ಹಳ್ಳಿಯಲ್ಲಿ ಹಳೇ ಕಲ್ಲಿನ ಮನೆ ತಗೊಂಡಿದ್ದೇವೆ. ಅಕ್ಟೋಬರ್ ಕೊನೆಗೆ ಮಗಳ ಮಕ್ಕಳು ಎರಡು ವಾರಕ್ಕೆ ಬರುತ್ತಾರೆ. ದೊಡ್ಡವನಿಗೆ ಏಳು, ಚಿಕ್ಕವಳಿಗೆ ನಾಲ್ಕು. ಹೋದ ವರ್ಷ ಹದಿನಾಲ್ಕು ದಿನದಲ್ಲಿ ಹನ್ನೊಂದು ದಿನ ಮಳೆ. ಮೂರನೇ ದಿನಕ್ಕೇ ದೊಡ್ಡವನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತುಬಿಟ್ಟ, ಅಮ್ಮನ ಹತ್ತಿರ ಹೋಗಬೇಕು ಅಂತ. ಇನ್ನೂ ಆ ಮುಖ ಕಣ್ಣ ಮುಂದಿದೆ. ಕಾರಿದೆ, ಆದರೆ ಇವರು ಕತ್ತಲಾದ ಮೇಲೆ ಓಡಿಸುವುದಿಲ್ಲ. ಅಕ್ಟೋಬರ್ ಕೊನೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟಮೇಲೆ ಆರು ಗಂಟೆಗೇ ಕತ್ತಲು. ದಯವಿಟ್ಟು ನಿಮ್ಮ ಅನುಭವ ಹೇಳಿ.

ಡೊರ್ಡೋನ್ ಅಜ್ಜ
ಮಳೆ ಬಂದರೆ ನೆಲದ ಕೆಳಗೆ ಹೋಗಬೇಕು. ನಾನು ಕಂಡುಕೊಂಡ ದಾರಿ ಇದೊಂದೇ. ರೂಫಿನ್ಯಾಕ್ ಗುಹೆಯೊಳಗೆ ಪುಟ್ಟ ಎಲೆಕ್ಟ್ರಿಕ್ ರೈಲು ಹೋಗುತ್ತದೆ, ಮಕ್ಕಳು ನಡೆಯೋದೇ ಬೇಡ. ಕತ್ತಲಲ್ಲಿ ರೈಲು ನಿಲ್ಲುತ್ತದೆ. ಗೈಡ್ ಗೋಡೆಗೆ ದೀಪ ಹಿಡಿದಾಗ ಕರಡಿ ಉಗುರಿನ ಗೀರುಗಳು ಕಾಣುತ್ತವೆ. ನೆಲದಲ್ಲಿ ಕರಡಿಗಳು ಮಲಗಿದ್ದ ಗುಂಡಿಗಳು, ಒಂದರ ಪಕ್ಕ ಒಂದು. ನನ್ನ ಐದು ವರ್ಷದ ಮೊಮ್ಮಗ ನನ್ನ ಬೆರಳು ಹಿಡಿದುಕೊಂಡು "ಅಜ್ಜ, ಈಗ ಎಲ್ಲಿ ಮಲಗುತ್ತವೆ?" ಅಂತ ಪಿಸುಗುಟ್ಟಿದ. ಒಳಗೆ ಆದಿಮಾನವರು ಬರೆದ ಮ್ಯಾಮತ್ (ಹಳೇ ಕಾಲದ ಕೂದಲಿನ ಆನೆ) ಚಿತ್ರಗಳು ನೂರಕ್ಕೂ ಜಾಸ್ತಿ ಇವೆ. ಸ್ವೆಟರ್ ಮರೆಯಬೇಡಿ, ಒಳಗೆ ಹದಿಮೂರು ಡಿಗ್ರಿ. ನವೆಂಬರ್ ಶುರುವಿಗೆ ಮುಚ್ಚುತ್ತಾರೆ, ದಿನ ನೋಡಿಕೊಂಡು ಹೊರಡಿ. ಮೊಂತಿನ್ಯಾಕ್‌ನ ಲಾಸ್ಕೋ 4ಕ್ಕೂ ಹೋದೆವು. ಆದಿಮಾನವರ ಚಿತ್ರಗಳಿರುವ ಮೂಲ ಗುಹೆ 1963ರಿಂದ ಜನರಿಗೆ ಮುಚ್ಚಿದೆ. 2016ರಲ್ಲಿ ತೆರೆದ ಈ ಪ್ರತಿರೂಪವನ್ನು ನೋಡಿ ದೊಡ್ಡವಳು ಮನೆಗೆ ಬಂದು ಇದ್ದಿಲಲ್ಲಿ ಗೋದಾಮಿನ ಗೋಡೆ ತುಂಬ ಎತ್ತು ಬರೆದಳು. ನಾನು ಒರೆಸಿಲ್ಲ.

ಆರು ದಿನದ ಲೆಕ್ಕ ಬರೆದಿಟ್ಟಿದ್ದೇನೆ. ಡೀಸೆಲ್ 94 ಯೂರೋ, ಟಿಕೆಟ್ 138, ಹೊರಗಿನ ಊಟ 131, ಮ್ಯಾಮತ್ ಗೊಂಬೆ ಎರಡು 38. ಒಂದೇ ತಂದರೆ ಜಗಳ ಆಗುತ್ತದಲ್ಲ. ಒಟ್ಟು 401. ಒಂದು ಯೂರೋ ಕೂಡ ವ್ಯರ್ಥ ಆಗಿಲ್ಲ ಅಂತಲೇ ನನ್ನ ಭಾವನೆ.

ಬ್ರಿತಾನ್ಯದ ಸೋದರತ್ತೆ
401 ಯೂರೋ! ನಮ್ಮಂಥವರಿಗೆ ಅದು ತಿಂಗಳ ದಿನಸಿ. 2023ರಲ್ಲಿ ನಮ್ಮ ಮನೆಯಲ್ಲಿ ಅಣ್ಣನ ಮೊಮ್ಮಕ್ಕಳು ಮೂವರು ಇದ್ದರು. ನವೆಂಬರ್ 1ರ ರಾತ್ರಿ ಸಿಯರಾನ್ ಬಿರುಗಾಳಿ ಬಂತು. ನಮ್ಮ ಕಡೆಯ ಪ್ವಾಂತ್ ದ್ಯು ರಾ ಅನ್ನುವ ಕಡಲ ಭೂಶಿರದಲ್ಲಿ ಗಂಟೆಗೆ 207 ಕಿಲೋಮೀಟರ್ ಗಾಳಿ. ದೇಶದಲ್ಲಿ 12 ಲಕ್ಷ ಮನೆಗೆ ಕರೆಂಟ್ ಹೋಯಿತು. ನಮಗೆ ಬಂದದ್ದು ಐದನೇ ದಿನ. ಫ್ರೀಜರ್‌ನಲ್ಲಿದ್ದ ಹಿದಕಬೇಳೆ ಆರು ಕಿಲೋ, ತುರಿದ ತೆಂಗಿನಕಾಯಿ, ಎರಡು ಕೋಳಿ, ಎಲ್ಲಾ ಹೋಯಿತು. ಹಿದಕಬೇಳೆ ಬೆಂಗಳೂರಿಂದ ತಂದದ್ದು. ಅದು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಮಕ್ಕಳು? ಅವರಿಗೆ ಅದೇ ಹಬ್ಬ. ಸೌದೆ ಒಲೆ ಮುಂದೆ ನೆಲಕ್ಕೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದೆ, ಐದು ಅಡ್ಡ ಐದು ಉದ್ದ. ಕವಡೆ ಇರಲಿಲ್ಲ, ಪಿಸ್ತಾ ಸಿಪ್ಪೆ ನಾಲ್ಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎಂಟು ಬಿದ್ದಾಗ ಹುಡುಗಿ ಕಿರುಚಿದ್ದು ಗಾಳಿ ಸದ್ದನ್ನೂ ಮೀರಿಸಿತು. ಅಳಗುಳಿಮಣೆಗೆ ಹನ್ನೆರಡು ಮೊಟ್ಟೆಯ ಡಬ್ಬ, ಜೊತೆಗೆ ಎರಡು ಮೊಸರಿನ ಕಪ್, ಹದಿನಾಲ್ಕು ಗುಳಿ ಆಯಿತು. ಹುಣಸೆ ಬೀಜದ ಬದಲು ಒಣ ಬೀನ್ಸ್. ಖರ್ಚು ಸೊನ್ನೆ.

ಕಾಂತಾಲ್ ದೊಡ್ಡಮ್ಮ
ಈಜುಕೊಳಕ್ಕೆ ಮಾತ್ರ ಹೋಗಬೇಡಿ. ನಾನು ಹೋಗಿ ಪಾಠ ಕಲಿತೆ. ಬೆಟ್ಟದ ದಾರಿಯಲ್ಲಿ ಐವತ್ತೆರಡು ಕಿಲೋಮೀಟರ್, ಮಂಜು, ಚಿಕ್ಕವನು ಎರಡು ಸಲ ವಾಂತಿ ಮಾಡಿದ. ಅಲ್ಲಿ ನಮ್ಮ ಯಜಮಾನರ ಉದ್ದ ಚಡ್ಡಿ ಆಗಲ್ಲ ಅಂದರು, ಮೈಗಂಟುವ ಚಡ್ಡಿಯೇ ಬೇಕು. ಅರವತ್ತೆಂಟು ವರ್ಷದ ಮನುಷ್ಯ, ಮಿಷನ್‌ನಿಂದ ಚಡ್ಡಿ ಕೊಳ್ಳಬೇಕಾಯಿತು, 13 ಯೂರೋ. ತಲೆಗೆ ಟೋಪಿ ನಾಲ್ಕು, ಒಂದಕ್ಕೆ 4 ಯೂರೋ. ಇಷ್ಟೆಲ್ಲ ಮುಗಿಸಿ ನೀರಿಗಿಳಿದಾಗ ಹನ್ನೊಂದೂಕಾಲು. ಹನ್ನೆರಡಕ್ಕೆ ಊಟಕ್ಕೆ ಅಂತ ಮುಚ್ಚಿದರು. ಒದ್ದೆ ತಲೆಯಲ್ಲೇ ವಾಪಸ್ಸು. ಮೂರನೇ ದಿನ ಮಗುವಿಗೆ ಕಿವಿನೋವು. ಸೊಸೆ ಫೋನಲ್ಲಿ ಏನೂ ಅನ್ನಲಿಲ್ಲ. ಆ ಮೌನವೇ ಜಾಸ್ತಿ ನೋವು ಕೊಟ್ಟಿತು.

ಅಷ್ಟರಲ್ಲಿ ಮಕ್ಕಳು ಒದ್ದೆ ವೈಪ್ಸ್ ಎಲ್ಲಾ ಕಮೋಡಿಗೆ ಹಾಕಿದ್ದಾರೆ. ಸೆಪ್ಟಿಕ್ ಟ್ಯಾಂಕ್ ಕಟ್ಟಿ ಹೋಯಿತು. ಭಾನುವಾರ, ಮರುದಿನ ಸರ್ಕಾರಿ ರಜೆ. ಲಾರಿ ಬಂದದ್ದು ಮಂಗಳವಾರ ಮಧ್ಯಾಹ್ನ. 287 ಯೂರೋ. ಮೊದಲು ಕಮೋಡ್ ಪಕ್ಕ ಮುಚ್ಚಳದ ಬುಟ್ಟಿ ಇಡಿ, ಆಮೇಲೆ ಆಟದ ಯೋಚನೆ.

ಮತ್ತೆ, ಬಿರುಗಾಳಿಯನ್ನು ಹಬ್ಬ ಅನ್ನುವುದು ನನಗೆ ಸರಿ ಕಾಣಲಿಲ್ಲ. ಪುಟ್ಟ ಮಕ್ಕಳು, ಸೌದೆ ಒಲೆ, ಮೇಣದಬತ್ತಿ. ಏನಾದರೂ ಆಗಿದ್ದರೆ?

ಬ್ರಿತಾನ್ಯದ ಸೋದರತ್ತೆ
ಒಲೆಗೆ ಕಬ್ಬಿಣದ ಬೇಲಿ ಇತ್ತು. ರಾತ್ರಿ ನಾನು ನಿದ್ದೆ ಮಾಡದೆ ಕಾವಲು ಕೂತಿದ್ದೆ. ಗೊತ್ತಿಲ್ಲದೆ ಹೇಳಬೇಡಿ.

ಡೊರ್ಡೋನ್ ಅಜ್ಜ
ನನ್ನ ಲೆಕ್ಕಕ್ಕೆ ಆಶ್ಚರ್ಯ ಚಿಹ್ನೆ ಹಾಕಿದವರಿಗೆ ಒಂದು ಮಾತು. ನನಗೆ ಮೊಮ್ಮಕ್ಕಳು ಸಿಗುವುದು ವರ್ಷಕ್ಕೆ ಹನ್ನೆರಡು ದಿನ. ನನ್ನವಳು ಇದ್ದಾಗ ಮನೆಯಲ್ಲೇ ಆಟ, ತಿಂಡಿ, ಕತೆ ಎಲ್ಲ ನಡೆಯುತ್ತಿತ್ತು. ಈಗ ನನ್ನ ಕೈಲಿ ಒಬ್ಬಟ್ಟು ಆಗೋಲ್ಲ, ಕತೆಯೂ ಬರೋಲ್ಲ. ಕಾರು ಓಡಿಸಲು ಬರುತ್ತದೆ. ಅದನ್ನೇ ಮಾಡುತ್ತೇನೆ. ದುಡ್ಡು ತೋರಿಸೋಕೆ ಬರೆದದ್ದಲ್ಲ.

ಜೆರ್ಸ್ ಅಜ್ಜಿ
ಮಳೆ ಅಂತ ಒಳಗೆ ಕೂರಿಸುವುದೇ ತಪ್ಪು. ನಮ್ಮ ಮಲೆನಾಡಿನಲ್ಲಿ ನಾವು ಯಾವತ್ತಾದರೂ ಮಳೆಗೆ ಹೆದರಿದ್ದೆವಾ? ಗಂಬೂಟು ಹಾಕಿ, ಮಳೆಕೋಟು ಹಾಕಿ, ಬಕೆಟ್ ಕೊಟ್ಟು ಬೇಲಿ ಬದಿಗೆ ಬಿಡಿ. ಮಳೆ ಸ್ವಲ್ಪ ಬಿಟ್ಟ ತಕ್ಷಣ ಬಸವನಹುಳು ಹೊರಗೆ ಬರುತ್ತವೆ. ನಮ್ಮ ಮಕ್ಕಳು ಒಂದು ಬೆಳಿಗ್ಗೆ ನಲವತ್ತೇಳು ಎಣಿಸಿದರು. ಹಂಚಿನ ಮೇಲೆ ಸುಣ್ಣದ ಗೀಟು ಎಳೆದು ಓಟದ ಪಂದ್ಯ ಇಟ್ಟರು. ಒಂದು ಹುಳು ಕೊಂಬು ಚಾಚಿ, ಗೀಟಿನ ತುದಿಗೆ ಬಂದು, ಸುಣ್ಣ ತಾಗಿದ ಕೂಡಲೇ ಕೊಂಬು ಒಳಗೆಳೆದುಕೊಂಡಿತು. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಸಂಜೆ ಎಲ್ಲವನ್ನೂ ಬೇಲಿಗೇ ಬಿಟ್ಟೆವು.

ಒಳಗೆ ಬಂದ ಮೇಲೆ ಮೊಸರಿನ ಕೇಕ್. ಒಂದು ಕಪ್ ಮೊಸರು, ಅದೇ ಕಪ್ಪಲ್ಲಿ ಸಕ್ಕರೆ ಎರಡು, ಮೈದಾ ಮೂರು, ಎಣ್ಣೆ ಅರ್ಧ, ಮೊಟ್ಟೆ ಮೂರು, ಬೇಕಿಂಗ್ ಪೌಡರ್ ಒಂದು ಪೊಟ್ಟಣ. ನಾಲ್ಕು ವರ್ಷದವಳೂ ಅಳೆಯುತ್ತಾಳೆ. ನಾನು ಏಲಕ್ಕಿ ಹಾಕುತ್ತೇನೆ. ಓವನ್ ಹಾಕುವಾಗ ಹೀಟರ್ ಆರಿಸಿ. ನಮ್ಮ ಮನೆಯ ಕರೆಂಟ್ ಮಿತಿ 6 ಕೆವಿಎ, ಎರಡೂ ಒಟ್ಟಿಗೆ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತದೆ. ಇದೆಲ್ಲ ಮಾಡುವಾಗ ಕನ್ನಡದಲ್ಲೇ ಮಾತಾಡಿಸಿ. ಒಂದು, ಎರಡು, ಮೂರು ಅಂತ ಕಪ್ ಎಣಿಸಲಿ. ಫ್ರೆಂಚ್‌ನಲ್ಲಿ ಉತ್ತರ ಕೊಟ್ಟರೆ ನಾನು ತಿರುಗಿಯೂ ನೋಡುವುದಿಲ್ಲ.

ಕಾಂತಾಲ್ ದೊಡ್ಡಮ್ಮ
ತಿರುಗಿಯೂ ನೋಡುವುದಿಲ್ಲವಾ? ಎರಡು ವಾರಕ್ಕೆ ಬಂದ ಮಗುವಿಗೆ? ನನ್ನ ಅಕ್ಕ ಹೀಗೇ ಮಾಡಿದಳು. ಈಗ ಅವಳ ಮೊಮ್ಮಗಳು ಫೋನಿಗೇ ಬರೋಲ್ಲ.

ಜೆರ್ಸ್ ಅಜ್ಜಿ
ನನ್ನ ಮೊಮ್ಮಗ ಈಗ ಶಿವಮೊಗ್ಗದ ಮುತ್ತಜ್ಜಿ ಜೊತೆ ಕನ್ನಡದಲ್ಲಿ ಮಾತಾಡುತ್ತಾನೆ. ಅವರಿಗೆ ತೊಂಬತ್ತೊಂದು. ಬೇರೆ ಭಾಷೆ ಬರೋಲ್ಲ. ನಾನು ಬಿಟ್ಟಿದ್ದರೆ ಅವರಿಬ್ಬರ ನಡುವೆ ಒಂದು ಮಾತೂ ಇರುತ್ತಿರಲಿಲ್ಲ.

ಡೊರ್ಡೋನ್ ಅಜ್ಜ
ಬೇಲಿ ಬದಿಗೆ ಬಿಡಿ ಅಂದಿರಿ, ಅಲ್ಲಿ ಅಣಬೆಯೂ ಇರುತ್ತದೆ. ಮಕ್ಕಳು ಕಿತ್ತರೆ ಯಾವುದನ್ನೂ ಅಡುಗೆಮನೆಗೆ ತರಬೇಡಿ. ಔಷಧಿ ಅಂಗಡಿಯವರಿಗೆ ತೋರಿಸಿ, ಈ ದೇಶದಲ್ಲಿ ಅವರು ಅಣಬೆ ಬಗ್ಗೆ ಓದಿರುತ್ತಾರೆ. ನಮ್ಮೂರಿನವರು ನೋಡಿ ಬುಟ್ಟಿಯಲ್ಲಿದ್ದ ಅರ್ಧ ಭಾಗ ಬಿಸಾಡಿಸಿದರು.

ಕ್ರೂಜ್ ಅಜ್ಜಿ
ಎಲ್ಲರಿಗೂ ಥ್ಯಾಂಕ್ಸ್. ಮುಚ್ಚಳದ ಬುಟ್ಟಿ ಇವತ್ತೇ ತಂದೆ. ಪಿಸ್ತಾನೂ ತಂದೆ. ನಿನ್ನೆ ರಾತ್ರಿ ನಾವಿಬ್ಬರೇ ಚೌಕಾಬಾರ ಆಡಿ ನೋಡಿದೆವು. ಒಂದು ಕಾಯಾದರೂ ಹೊಡೆಯದೆ ಒಳಮನೆಗೆ ಹೋಗೋ ಹಾಗಿಲ್ಲ ಅಂತಾರೆ ಇವರು. ನಮ್ಮ ಮನೆಯಲ್ಲಿ ಹಾಗೆ ಇರಲಿಲ್ಲ.

ಬ್ರಿತಾನ್ಯದ ಸೋದರತ್ತೆ
ಹೊಡೆಯಲೇಬೇಕು.

ಜೆರ್ಸ್ ಅಜ್ಜಿ
ನಾಲ್ಕು ವರ್ಷದ ಮಗುವಿಗೆ ಆ ನಿಯಮ ಬೇಡ. ಅದರ ಕಾಯಿ ಹೊಡೆದರೆ ಅಳುತ್ತದೆ.

ಬ್ರಿತಾನ್ಯದ ಸೋದರತ್ತೆ
ಅಳಲಿ. ನಮ್ಮ ಚಿಕ್ಕವಳೂ ಅತ್ತಳು. ಮರುದಿನ ಬೆಳಿಗ್ಗೆ ಏಳಕ್ಕೇ ಸಿಪ್ಪೆ ಹಿಡಿದುಕೊಂಡು ನನ್ನ ಮಂಚದ ಪಕ್ಕ ನಿಂತಿದ್ದಳು.