ಸ್ಟೆಲಿಯೋಸ್ ಕಜಾಂಜಿಡಿಸ್: ಯಾವ ಹಾಡಿಂದ ಶುರು ಮಾಡಬೇಕ್ರಿ?

ತಂಬೂರಿ_ಧಾರವಾಡ: ಗ್ರೀಸಿನ ಗಾಯಕ ಕಜಾಂಜಿಡಿಸ್ ಅವರ ‘ಮಾಂದುಬಾಲಾ’ ಕೇಳಿದ್ರ ಧಾಟಿ ಸೀದಾ ‘ಆವಾರಾ’ ಚಿತ್ರದ್ದು. ಹೆಸರು ಮಧುಬಾಲಾ ಅವರದು ಹೆಂಗ ಬಂತು? ಅವರ ಬಾಕಿ ಹಾಡು ಯಾವ ಕ್ರಮದಾಗ ಕೇಳಬೇಕು? ಮತ್ತ, ಪೇಟಿ ಮ್ಯಾಲೆ ಜೊತಿಗೆ ನುಡಿಸಾಕ ಹೋದ್ರ ಸ್ವರ ಹೊಂದವಲ್ಲವು.

ಗದಗ_ಪೇಟಿ: ಮೊದಲು ಸ್ವರದ ಮಾತು. ಇವರ ಹಾಡಿನಾಗ ಬರೋ ಬುಝೂಕಿ ಅನ್ನೋ ಗ್ರೀಸಿನ ತಂತಿವಾದ್ಯಕ್ಕ ಮೆಟ್ಟು ಇರ್ತಾವ, ಶ್ರುತಿ ಪೇಟಿಯಂಗ ಸಮಪಾಲಿಂದು, ಹಂಗಾಗಿ ತಪ್ಪು ವಾದ್ಯದ್ದಲ್ಲ. ಹಳೇ ತಟ್ಟಿ ಡಿಜಿಟಲ್ ಮಾಡುವಾಗ ವೇಗ ಒಂಚೂರು ಹೆಚ್ಚು ಕಡಿಮಿ ಆದ್ರ ಹಾಡು ಎರಡು ಮನಿ ನಡುವ ನಿಲ್ತದ. ಅರ್ಧ ಸ್ವರಕ್ಕ ವೇಗದಾಗ ಸುಮಾರು 6% ವ್ಯತ್ಯಾಸ. ಸರೀ ನಡುವ ನಿಂತಿದ್ರ 3% ಸಾಕು. ಯೂಟ್ಯೂಬಿನ ವೇಗದ ಬಟನ್ ಒತ್ತಿ ಉಪಯೋಗಿಲ್ಲ, ಅದು ಶ್ರುತಿ ಹಂಗ ಹಿಡದು ಲಯ ಅಷ್ಟ ಬದಲಸ್ತದ. ಆಡಾಸಿಟಿ ಅನ್ನೋ ಕಂಪ್ಯೂಟರ್ ತಂತ್ರಾಂಶದೊಳಗ ವೇಗ, ಶ್ರುತಿ ಎರಡೂ ಕೂಡಿ ಬದಲಾಗುವ ಆಯ್ಕೆ ಅದ, ಅದನ್ನ 1%ರಂಗ ಸರಿಸ್ರಿ.

ಇನ್ನೊಂದು: ಗ್ರೀಸಿನವರು ‘ಹಿಜಾಜ್’ ಅನ್ನೋ ಸ್ವರಶ್ರೇಣಿ ಕೇಳಿ ಭೈರವ ರಾಗ ಅಂತ ಶುದ್ಧ ನಿಷಾದ ಹಚ್ಚಬ್ಯಾಡ್ರಿ. ಅಲ್ಲಿ ನಿಷಾದ ಕೋಮಲ, ಅಂದ್ರ ಬಸಂತ ಮುಖಾರಿ ರಾಗದ ಸ್ವರ. ಶುದ್ಧ ನಿಷಾದ ಇರೂದು ‘ಹಿಜಾಜ್‌ಕಾರ್’ ಅನ್ನೋ ಇನ್ನೊಂದು ಶ್ರೇಣಿಯೊಳಗ.

ಹಾವೇರಿ_ರೇಡಿಯೋ: ಆ ಧಾಟಿ ಶಂಕರ್-ಜೈಕಿಶನ್ ಅವರದು, ಲತಾ ಹಾಡಿದ್ದು, ತೆರೆ ಮ್ಯಾಲೆ ನರ್ಗಿಸ್. ಆ ಚಿತ್ರದಾಗ ಮಧುಬಾಲಾ ಇಲ್ಲೇ ಇಲ್ಲ! 50ರ ದಶಕದಾಗ ಹಿಂದಿ ಚಿತ್ರ ಗ್ರೀಸಿನ ಬಡವರ ಓಣಿಗಳಾಗ ಭಾಳ ಓಡಿದ್ವು. ನಟಿ ಹೆಸರು ಒಂದ್ಕಡಿಂದ, ಧಾಟಿ ಒಂದ್ಕಡಿಂದ ಬಂತು. ನಕಲು ಅಂತ ತಳ್ಳಿಹಾಕೂದು ಸರಿಯಲ್ಲ. ನಮ್ಮ ಕಂಪನಿ ನಾಟಕದಾಗೂ ಸಿನಿಮಾ ಧಾಟಿಗೆ ಪದ ಕಟ್ಟಿದ್ದು ಇದ್ದದ್ದ.

ಕ್ರಮ ಹಿಂಗ ಇಟಗೋರಿ. ಅವರು ಹುಟ್ಟಿದ್ದು 1931, ಅಥೆನ್ಸ್ ಹತ್ರದ ನೆಆ ಇಯೋನಿಯಾ, ತುರ್ಕಿ ಕಡಿಂದ ಬಂದ ನಿರಾಶ್ರಿತರ ವಸ್ತಿ. ರೆಕಾರ್ಡು ಶುರುವಾದದ್ದು 1952ಕ್ಕ. ಆಗಿನವು ಎರಡು ಮೂರು ಸಾಕು. ಹೆಚ್ಚು ಹೊತ್ತು ಕೊಡಬೇಕಾದದ್ದು 1957ರಿಂದ 65ರವರೆಗಿನ ಹಾಡಿಗೆ. ಗಾಯಕಿ ಮರಿನೆಲ್ಲಾ ಜೊತಿದನಿ ಸೇರಿದ್ದು ಆವಾಗ. ಆಕೀದು ಹೆಚ್ಚಾಗಿ ಮೇಲಿನ ದನಿ, ನಮ್ಮ ಕಿವಿ ಅದನ್ನ ಮುಖ್ಯ ಧಾಟಿ ಅಂತ ಹಿಡೀತದ. ಕೆಳಗಿನ ದನಿ ಬೆನ್ನ ಹತ್ರಿ. 1960ಕ್ಕ ಜರ್ಮನಿ ಜೊತಿ ಕೂಲಿಕಾರರ ಒಪ್ಪಂದ ಆಗಿ ಗ್ರೀಸಿನ ಊರು ಖಾಲಿ ಆಗಾಕ ಹತ್ತಿದ್ವು. ಪರದೇಶಕ್ಕ ದುಡಿಯಾಕ ಹೋದವರ ಸಂಕಟ ಇವರ ದನಿಯೊಳಗ ಅಷ್ಟು ಗಟ್ಟಿಯಾಗಿ ನಿಂತದ್ದು ಅದಕ್ಕ.

ತಂಬೂರಿ_ಧಾರವಾಡ: ಉಪಕಾರ ಆತ್ರಿ. ಕಛೇರಿ ಮುದ್ರಣ ಯಾವು ಚೊಲೋ?

ಹುಬ್ಬಳ್ಳಿ_ತಾಳ: ಅದನ್ನ ಹುಡುಕಬ್ಯಾಡ್ರಿ. 1965ಕ್ಕ ರಾತ್ರಿ ಕ್ಲಬ್ಬಿನ ಹಾಡಿಕಿ ಪೂರಾ ಬಿಟ್ಟರು, ಮುಂದಿನದೆಲ್ಲಾ ಸ್ಟುಡಿಯೋದ್ದ. 1975ರ ‘ಇಪಾರ್ಖೋ’ ಹಾಡು ತಪ್ಪದ ಕೇಳ್ರಿ, ಸಂಗೀತ ಕ್ರಿಸ್ಟೋಸ್ ನಿಕೊಲೊಪೌಲೋಸ್ ಅವರದು. ಆಮ್ಯಾಲೆ ರೆಕಾರ್ಡ್ ಕಂಪನಿ ಜೊತಿ ಕರಾರಿನ ಜಗಳ, 1987ರವರೆಗೆ ಹೊಸ ಹಾಡಿಲ್ಲ. ತೀರಿಕೊಂಡಿದ್ದು 2001.

ಝೈಬೇಕಿಕೋ ಅನ್ನೋ ಗ್ರೀಸಿನ ಕುಣಿತದ ಲಯ ಬಂದ್ರ ಕೆಹರವಾ ತಾಳದ 8 ಮಾತ್ರಿ ಹಾಕಬ್ಯಾಡ್ರಿ, ಎರಡನೇ ಆವರ್ತಕ್ಕ ಸಮ್ ತಪ್ತದ. ಅದು 9 ಮಾತ್ರಿ. 2+2+2+3 ಅಂತ ಕೈಯಾಗ ಎಣಿಸ್ರಿ, ಕೊನೀ ಮೂರು ಅವಸರ ಮಾಡಬ್ಯಾಡ್ರಿ.